‘ಯಾಕ ಫೋಟೋ ತಗೀತೀರಿ?’ ಅಂದಾಗ ಏನು ಹೇಳೋದು?

ಗುರುತಿಲ್ಲದವರ ಮುಂದೆ ಫೋನು ಎತ್ತಿ ಫೋಟೋ ತೆಗೆಯುವುದು ಅಂದರೆ ನಮಗೆ ನಾಲ್ವರಿಗೂ ಮೊದಮೊದಲು ಎದೆ ಡವಡವ ಅನ್ನುತ್ತಿತ್ತು. ಪತ್ರಿಕೋದ್ಯಮ ಓದಿ ಬಂದವರು ನಾವು. ಬೆಳಕು ಎಲ್ಲಿಂದ ಬೀಳಬೇಕು, ಚೌಕಟ್ಟಿನಲ್ಲಿ ಮುಖ ಎಲ್ಲಿರಬೇಕು ಅಂತ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವರು. ಆದರೆ ಸಂತೆಯಲ್ಲಿ ಬೆಳ್ಳುಳ್ಳಿ ಮಾರುವ ಅಜ್ಜಿಯ ಎದುರು ನಿಂತಾಗ ಆ ಪುಟಗಳು ಯಾವುವೂ ಕೈಹಿಡಿಯುತ್ತಿರಲಿಲ್ಲ. ಫೋನು ಜೇಬಿನಿಂದ ಹೊರಗೆ ಬರುತ್ತಿತ್ತು, ಟೈಮ್ ನೋಡಿದ ಹಾಗೆ ಮಾಡಿ ಮತ್ತೆ ಜೇಬು ಸೇರುತ್ತಿತ್ತು.

ಈ ಬರಹ ಆ ಭಯದ ಬಗ್ಗೆ. ಅದು ಹೇಗೆ ಕಡಿಮೆಯಾಯಿತು ಅನ್ನುವುದರ ಬಗ್ಗೆ. ನೀವು ಇದನ್ನು ಓದುತ್ತಿರುವುದೂ ಫೋನಿನಲ್ಲೇ. ಅದರ ಬೆನ್ನಿಗೆ ಒಂದು ಕ್ಯಾಮೆರಾ ಇದ್ದೇ ಇದೆ. ಮನೆಯವರದ್ದು, ಗೆಳೆಯರದ್ದು, ಎತ್ತುಗಳದ್ದು ಸಾವಿರ ಫೋಟೋ ತೆಗೆದಿರುತ್ತೀರಿ. ನಿಮ್ಮ ಊರಿನ ಸಂತೆ, ಬಸ್‌ಸ್ಟ್ಯಾಂಡು, ಜಾತ್ರೆ, ಕೂಲಿ ಕೆಲಸ ಇವುಗಳ ಫೋಟೋ ಎಷ್ಟಿವೆ? ನಮ್ಮ ಹಳ್ಳಿಗಳ ದಿನನಿತ್ಯದ ಬದುಕಿನ ಚಿತ್ರವನ್ನು ಹೊರಗಿನವರು ಬಂದು ತೆಗೆದುಕೊಂಡು ಹೋಗುವುದಕ್ಕಿಂತ ನಾವೇ ತೆಗೆಯುವುದು ಒಳ್ಳೆಯದು ಅನ್ನುವುದು ನಮ್ಮ ಆಸೆ. ಅದಕ್ಕೆ ಅಡ್ಡ ನಿಲ್ಲುವುದು ಕ್ಯಾಮೆರಾದ ಗುಣಮಟ್ಟ ಅಲ್ಲ, ನಮ್ಮ ಅಂಜಿಕೆ.

ಊರಿನಲ್ಲಿ ಅಪರಿಚಿತರು ಅಂತ ಯಾರಿದ್ದಾರೆ?

ಬೀದಿಯಲ್ಲಿ ಫೋಟೋ ತೆಗೆಯುವುದು ಹೇಗೆ ಅಂತ ಯೂಟ್ಯೂಬಿನಲ್ಲಿ ಹುಡುಕಿದರೆ ಬೇಕಾದಷ್ಟು ವಿಡಿಯೋ ಸಿಗುತ್ತವೆ. ಹೆಚ್ಚಿನವು ದೊಡ್ಡ ಪಟ್ಟಣಗಳವರು ಮಾಡಿದವು. ಕ್ಯಾಮೆರಾ ಸೊಂಟದ ಹತ್ತಿರ ಹಿಡಿದು ನೋಡದೇ ಕ್ಲಿಕ್ ಮಾಡಿ, ಬೇರೆ ಏನನ್ನೋ ತೆಗೆಯುತ್ತಿರುವ ಹಾಗೆ ನಟಿಸಿ, ತೆಗೆದು ಬೇಗ ಮುಂದೆ ಹೋಗಿ ಅಂತೆಲ್ಲ ಹೇಳುತ್ತಾರೆ. ಅಲ್ಲಿ ಅದು ನಡೆಯಬಹುದು. ಸಾವಿರಾರು ಜನ ಓಡಾಡುವ ರಸ್ತೆಯಲ್ಲಿ ತೆಗೆದವರನ್ನೂ ತೆಗೆಸಿಕೊಂಡವರನ್ನೂ ಯಾರೂ ಮತ್ತೆ ನೋಡುವುದಿಲ್ಲ.

ನಮ್ಮಲ್ಲಿ ಹಾಗಲ್ಲ. ನಾವು ಹಾವೇರಿ ಜಿಲ್ಲೆಯ ಬೇರೆ ಬೇರೆ ಹಳ್ಳಿಗಳವರು. ಎಲ್ಲೇ ಫೋನು ಎತ್ತಿದರೂ ಎರಡು ನಿಮಿಷದಲ್ಲಿ ಒಂದು ಪ್ರಶ್ನೆ ಬರುತ್ತದೆ: “ಯಾವೂರಪಾ ನಿಂದು? ಯಾರ ಮಗ?” ಊರಿನ ಹೆಸರು ಹೇಳಿದರೆ ಓಣಿ ಕೇಳುತ್ತಾರೆ. ಓಣಿ ಹೇಳಿದರೆ ಅಜ್ಜನ ಹೆಸರು ಅವರೇ ಹೇಳುತ್ತಾರೆ. ಸಂಜೆ ನಾವು ಮನೆ ಮುಟ್ಟುವ ಮೊದಲೇ, “ನಿಮ್ಮ ಹುಡುಗ ಸಂತ್ಯಾಗ ಹೆಂಗಸರ ಫೋಟೋ ಹೊಡ್ಯಾಕತ್ತಿದ್ದ” ಅಂತ ಸುದ್ದಿ ಮನೆ ಮುಟ್ಟಿರುತ್ತದೆ.

ಮೊದಲಿಗೆ ನಮಗೆ ಇದೇ ದೊಡ್ಡ ಭಯವಾಗಿತ್ತು. ಯೋಚಿಸುತ್ತಾ ಹೋದ ಹಾಗೆ ಗೊತ್ತಾಗಿದ್ದು ಬೇರೆ: ಗುರುತು ಸಿಗುವುದೇ ನಮ್ಮ ಬಲ. ಪಟ್ಟಣದಿಂದ ಕಾರಿನಲ್ಲಿ ಬಂದಿಳಿದು ದೊಡ್ಡ ಲೆನ್ಸ್ ಎತ್ತುವವರಿಗೆ ಈ ಬಲ ಇಲ್ಲ. “ನಾ ಇಂಥಾ ಊರಿನವ, ಇಂಥವರ ಮೊಮ್ಮಗ” ಅಂತ ಹೇಳಿದ ಕೂಡಲೇ ಎದುರಿನವರ ಹುಬ್ಬು ಸಡಿಲವಾಗುತ್ತದೆ. ಯಾಕೆಂದರೆ ಆ ಫೋಟೋ ಎಲ್ಲಾದರೂ ಕೆಟ್ಟದ್ದಕ್ಕೆ ಬಳಕೆಯಾದರೆ ಯಾರ ಮನೆಗೆ ಬಂದು ಕೇಳಬೇಕು ಅಂತ ಅವರಿಗೆ ಈಗ ಗೊತ್ತು. ಬಚ್ಚಿಟ್ಟುಕೊಂಡು ತೆಗೆಯುವವನಿಗೆ ಸಿಕ್ಕಿಬೀಳುವ ಭಯ ಯಾವಾಗಲೂ ಇರುತ್ತದೆ. ಹೆಸರು ಹೇಳಿ ನಿಂತವನಿಗೆ ಆ ಭಯ ಅರ್ಧ ಇಳಿಯುತ್ತದೆ.

ಜನರಿಗೆ ಅನುಮಾನ ಯಾಕೆ?

ಉಳಿದ ಅರ್ಧ ಭಯ ನಮ್ಮದಲ್ಲ, ಎದುರಿಗಿರುವವರದ್ದು. ಅದನ್ನು ಅರ್ಥ ಮಾಡಿಕೊಳ್ಳದೇ ನಮ್ಮ ಭಯವೂ ಹೋಗುವುದಿಲ್ಲ.

ಹಳ್ಳಿಯ ಜನರ ಫೋಟೋ ಯಾರೂ ತೆಗೆಯುವುದಿಲ್ಲ ಅಂತ ಅಂದುಕೊಳ್ಳಬೇಡಿ. ಬಡವರ ಫೋಟೋ ತೆಗೆಯುವಷ್ಟು ಸಲ ಶ್ರೀಮಂತರದ್ದು ತೆಗೆಯುವುದಿಲ್ಲ. ಸರ್ಕಾರದ ಯೋಜನೆಯಲ್ಲಿ ಮನೆ ಕಟ್ಟಿಸಿಕೊಂಡರೆ ತಳಪಾಯಕ್ಕೆ ಒಂದು ಫೋಟೋ, ಗೋಡೆಗೆ ಒಂದು, ಚಾವಣಿಗೆ ಒಂದು. ಶೌಚಾಲಯ ಕಟ್ಟಿಸಿದರೆ ಅದರ ಬಾಗಿಲಿಗೆ ನಿಂತು ಒಂದು. ನರೇಗಾ ಕೆಲಸಕ್ಕೆ ಹೋದವರ ಹಾಜರಿಯನ್ನು ಆ್ಯಪ್‌ನಲ್ಲಿ ಫೋಟೋ ಸಮೇತ ದಿನಕ್ಕೆ ಎರಡು ಸಲ ಹಾಕಬೇಕು ಅನ್ನುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಗುದ್ದಲಿ ಹಿಡಿದವರು ಕೆಲಸ ಬಿಟ್ಟು ಸಾಲಾಗಿ ನಿಲ್ಲಬೇಕು. ನೆಟ್‌ವರ್ಕ್ ಸಿಗದೇ ಫೋಟೋ ಏರದಿದ್ದರೆ ಅವತ್ತಿನ ಕೂಲಿಯ ಚಿಂತೆ.

ಇಷ್ಟೆಲ್ಲ ಫೋಟೋದಲ್ಲಿ ಒಂದಾದರೂ ತೆಗೆಸಿಕೊಂಡವರ ಕೈಗೆ ಬಂದಿದೆಯೇ? ಇಲ್ಲ. ಅವರ ಪಾಲಿಗೆ ಫೋಟೋ ಅಂದರೆ ಸಾಕ್ಷಿ. ಕೆಲಸ ಮಾಡಿದ್ದಕ್ಕೆ, ಮನೆ ಕಟ್ಟಿದ್ದಕ್ಕೆ, ಬದುಕಿರುವುದಕ್ಕೆ ಸಾಕ್ಷಿ. ಹಾಗಾಗಿ ಗುರುತಿಲ್ಲದವರು ಫೋನು ಎತ್ತಿದ ತಕ್ಷಣ ಅವರ ತಲೆಗೆ ಬರುವುದು, “ಇದು ಯಾವ ಆಫೀಸಿಗೆ? ಏನಾದರೂ ಸಿಗ್ತೈತಾ, ಇಲ್ಲಾ ಇದ್ದದ್ದು ಹೋಗ್ತೈತಾ?” ಅನ್ನುವ ಲೆಕ್ಕ. ಪಡಿತರ ಚೀಟಿ ರದ್ದಾಗುತ್ತದೆಯೋ, ಪಿಂಚಣಿ ನಿಲ್ಲುತ್ತದೆಯೋ ಅನ್ನುವ ಹೆದರಿಕೆ ಅದರ ಹಿಂದೆ ಇರುತ್ತದೆ. ನಮ್ಮ ಎದುರು ಮುಖ ತಿರುಗಿಸಿದವರು ನಮ್ಮ ಮೇಲೆ ಸಿಟ್ಟಾಗಿದ್ದಾರೆ ಅಂತ ಅಂದುಕೊಳ್ಳಬೇಕಿಲ್ಲ. ಅವರು ಹಳೆಯ ಅನುಭವಕ್ಕೆ ಮುಖ ತಿರುಗಿಸಿರುತ್ತಾರೆ.

ಇನ್ನೊಂದು ಕಾರಣವೂ ಇದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸ್‌ಆ್ಯಪ್ ಸಂದೇಶಗಳು ದೇಶದ ತುಂಬಾ ಹರಿದಾಡಿದ್ದು ನಿಮಗೆ ನೆನಪಿರಬಹುದು. ಆ ವರ್ಷದ ಜುಲೈನಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಅವನು ಮತ್ತು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅವರ ಕಾರಿಗಿಂತ ಮೊದಲೇ ಸುಳ್ಳು ಸುದ್ದಿ ಮುಂದಿನ ಊರು ಮುಟ್ಟಿತ್ತು. ಫೋನು ಮತ್ತು ಅನುಮಾನ ಸೇರಿದರೆ ಒಂದು ಜೀವ ಹೋಗಬಹುದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಆದ್ದರಿಂದ, “ಫೋಟೋ ತೆಗೆಯುವುದರಲ್ಲಿ ಏನು ಮಹಾ?” ಅನ್ನುವ ಮಾತನ್ನು ನಾವು ಆಡುವುದಿಲ್ಲ.

‘ಯಾಕ?’ ಅನ್ನುವುದಕ್ಕೆ ಒಂದು ಉತ್ತರ

ಹಾಗಾದರೆ ಧೈರ್ಯ ಎಲ್ಲಿಂದ ಬರುತ್ತದೆ? ನಮ್ಮ ಅನುಭವದಲ್ಲಿ ಅದು ಒಂದೇ ಒಂದು ವಾಕ್ಯದಿಂದ ಬಂತು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನಿಮಗೆ ಗೊತ್ತು. ಹಂಗಾಮಿನಲ್ಲಿ ಹೋದರೆ ಕೆಂಪು ರಾಶಿ, ಚೀಲದ ಮೇಲೆ ಚೀಲ, ಗಾಳಿಯಲ್ಲೆಲ್ಲ ಘಾಟು. ಡಬ್ಬಿ, ಕಡ್ಡಿ ಅಂತ ತಳಿ ನೋಡಿ ಬೆಲೆ ಕಟ್ಟುವ ವ್ಯಾಪಾರಿಗಳು, ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು. ಮೇಲಾಗಿ 2024ರ ಮಾರ್ಚ್‌ನಲ್ಲಿ ಬೆಲೆ ಕುಸಿತದ ಸಿಟ್ಟಿಗೆ ಅಲ್ಲಿ ಗಲಾಟೆಯಾಗಿ ಮಾರುಕಟ್ಟೆ ಸಮಿತಿಯ ಕಚೇರಿಗೆ ಬೆಂಕಿ ಬಿದ್ದಿತ್ತು. ಅದಾದ ಮೇಲೆ ಹೋದಾಗ ಫೋನು ಎತ್ತಿದವರನ್ನು ಜನ ಎರಡೆರಡು ಸಲ ನೋಡುತ್ತಿದ್ದರು.

ಅಲ್ಲಿಗೆ ಹೊರಡುವ ಮೊದಲು ನಾವು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡೆವು: “ಯಾಕ ಫೋಟೋ ತಗೀತೀರಿ?” ಉತ್ತರ ಹತ್ತು ಸೆಕೆಂಡಿನಲ್ಲಿ ಮುಗಿಯಬೇಕು. ಓದಿಲ್ಲದವರಿಗೂ ತಿಳಿಯಬೇಕು. ಸುಳ್ಳು ಇರಬಾರದು.

ಒಬ್ಬ, “ಸಾಕ್ಷ್ಯಚಿತ್ರದ ಪ್ರಾಜೆಕ್ಟಿಗಾಗಿ” ಅಂದ. ಉಳಿದವರು ನಕ್ಕೆವು. ಇನ್ನೊಬ್ಬ, “ಸುಮ್ಮನೆ” ಅಂದ. ಅದು ಇನ್ನೂ ಅಪಾಯ. ಸುಮ್ಮನೆ ಯಾರಾದರೂ ಬೇರೆಯವರ ಮನೆಯವರ ಫೋಟೋ ತೆಗೆಯುತ್ತಾರೆಯೇ? ಕೊನೆಗೆ ಉಳಿದ ವಾಕ್ಯ ಇದು: “ಮೆಣಸಿನಕಾಯಿ ಕೆಲಸ ಮಾಡೋರ ಬಗ್ಗೆ ಬರ್ಯಾಕತ್ತೀವ್ರಿ, ನೀವು ಕೆಲಸ ಮಾಡೋದು ಒಂದು ಫೋಟೋ ಬೇಕಾಗಿತ್ತು. ಮೊಬೈಲ್‌ನ್ಯಾಗ ಬರ್ತೈತಿ, ಯಾರು ಬೇಕಾದ್ರೂ ನೋಡಬಹುದು. ತಗೀಲೇನ್ರಿ?”

ಈ ವಾಕ್ಯದಲ್ಲಿ ಮೂರು ವಿಷಯ ಇವೆ. ಯಾಕೆ ತೆಗೆಯುತ್ತಿದ್ದೇವೆ, ಎಲ್ಲಿ ಬರುತ್ತದೆ, ನಿಮಗೆ ಒಪ್ಪಿಗೆಯೇ. ಇದನ್ನು ಬಾಯಿಪಾಠ ಮಾಡಿಕೊಂಡ ಮೇಲೆ ಕೈ ನಡುಗುವುದು ಎಷ್ಟೋ ಕಡಿಮೆಯಾಯಿತು. ನಡುಗುತ್ತಿದ್ದುದು ಕ್ಯಾಮೆರಾದಿಂದಲ್ಲ, ಉತ್ತರ ಇಲ್ಲದ್ದರಿಂದ. ಉತ್ತರ ಇಲ್ಲದ ಫೋಟೋ ತೆಗೆಯದಿರುವುದೇ ಒಳ್ಳೆಯದು ಅನ್ನುವುದೂ ಆಗಲೇ ಗೊತ್ತಾಯಿತು.

ರೂಢಿ ಮಾಡಿಕೊಂಡ ಬಗೆ

ಒಂದೇ ದಿನಕ್ಕೆ ಯಾರೂ ಈಜು ಕಲಿಯುವುದಿಲ್ಲ. ಮೊದಲು ದಡದಲ್ಲಿ ಕಾಲಾಡಿಸಬೇಕು. ನಾವು ಮಾಡಿದ್ದು ಹೀಗೆ, ನೀವೂ ಮಾಡಿ ನೋಡಬಹುದು.

ಮೊದಲ ಸಂತೆಗೆ ಹೋದಾಗ ಫೋನು ತೆಗೆಯಲೇ ಇಲ್ಲ. ಮಾತಾಡಿದೆವು ಅಷ್ಟೇ. ಬದನೆಕಾಯಿ ದರ ಕೇಳುವುದು, ಮಳೆ ಹೇಗಿದೆ ಅನ್ನುವುದು, ಯಾವ ಊರಿಂದ ಬಂದಿರಿ ಅನ್ನುವುದು. ಗುರುತಿಲ್ಲದವರ ಜೊತೆ ಮಾತು ಶುರು ಮಾಡುವುದು ಬಂದರೆ ಫೋಟೋದ ಮುಕ್ಕಾಲು ಕೆಲಸ ಬಂದ ಹಾಗೆ. ಏನಾದರೂ ಕೊಂಡುಕೊಂಡರೆ ಇನ್ನೂ ಒಳ್ಳೆಯದು. ಆ ದಿನ ನಮ್ಮ ಮನೆಗಳಿಗೆ ಬೇಡದಷ್ಟು ಕೊತ್ತಂಬರಿ ಹೋಯಿತು.

ಎರಡನೇ ಸಲ ನಾಲ್ಕು ಜನರ ಕಣ್ಣಿಗೆ ಬೀಳುವ ಕೆಲಸದವರನ್ನೇ ಕೇಳಿದೆವು. ಚಹಾ ಅಂಗಡಿಯವರು, ಬಳೆ ಮಾರುವವರು, ಕುಡುಗೋಲು ತಟ್ಟುವ ಕಮ್ಮಾರರು, ಚಪ್ಪಲಿ ಹೊಲಿಯುವವರು. ಇವರು ದಿನವಿಡೀ ಜನರ ನೋಟಕ್ಕೆ ರೂಢಿಯಾದವರು. ಕೈಯಲ್ಲಿ ಕೆಲಸ ಇರುವುದರಿಂದ ಕ್ಯಾಮೆರಾ ನೋಡಿ ಬಿಗಿಯಾಗುವುದೂ ಕಡಿಮೆ. ಚಹಾ ಮೇಲೆತ್ತಿ ಸುರಿಯುವ ಕೈ ತೆಗೆಯುತ್ತೇವೆ ಅಂದರೆ ಅವರೇ ಇನ್ನೊಂದು ಗೇಣು ಎತ್ತರಕ್ಕೆ ಎತ್ತುತ್ತಾರೆ.

ಮೂರನೇ ಸಲ ಒಂದೇ ಜಾಗದಲ್ಲಿ ನಿಂತೆವು. ಬಸ್‌ಸ್ಟ್ಯಾಂಡಿನಲ್ಲಿ ಬೆಳಕು ಚೆನ್ನಾಗಿರುವ ಒಂದು ಮೂಲೆ ಹಿಡಿದು ಅರ್ಧ ಗಂಟೆ. ಮೊದಲ ಐದು ನಿಮಿಷ ಎಲ್ಲರೂ ನೋಡುತ್ತಾರೆ. ಹತ್ತು ನಿಮಿಷಕ್ಕೆ ಒಬ್ಬರು ಬಂದು ಕೇಳುತ್ತಾರೆ. ಅವರಿಗೆ ಉತ್ತರ ಹೇಳಿದರೆ ಉಳಿದವರಿಗೆ ಅವರೇ ಹೇಳಿಬಿಡುತ್ತಾರೆ. ಇಪ್ಪತ್ತು ನಿಮಿಷಕ್ಕೆ ನೀವು ಅಲ್ಲಿನ ಕಂಬದ ಹಾಗೆ. ಆಗ ಬಸ್ಸು ಹತ್ತುವ ನೂಕುನುಗ್ಗಲು, ಗಂಟು ಕಾಯುತ್ತಾ ಕೂತ ಅಜ್ಜಿ, ಮಗುವಿಗೆ ಬಾಳೆಹಣ್ಣು ಸುಲಿಯುವ ಅಪ್ಪ, ಎಲ್ಲವೂ ತಾನಾಗಿ ಚೌಕಟ್ಟಿಗೆ ಬರುತ್ತವೆ. ಹೀಗೆ ಕೇಳುವ ಮೊದಲೇ ತೆಗೆದದ್ದರಲ್ಲಿ ಯಾರದ್ದಾದರೂ ಮುಖ ಎದ್ದು ಕಂಡರೆ, ಹತ್ತಿರ ಹೋಗಿ ತೋರಿಸುತ್ತೇವೆ. ಇರಲಿ ಅಂದರೆ ಇರುತ್ತದೆ, ಬೇಡ ಅಂದರೆ ಅವರ ಎದುರಿಗೇ ಡಿಲೀಟ್. ಡಿಲೀಟ್ ಮಾಡಿದ ಫೋಟೋ ಫೋನಿನ ಇನ್ನೊಂದು ಫೋಲ್ಡರಿನಲ್ಲಿ ಕೆಲವು ದಿನ ಉಳಿಯುತ್ತದೆ. ಅಲ್ಲಿಂದಲೂ ಅಳಿಸಿ ತೋರಿಸುವುದು ಮರ್ಯಾದೆ.

ಕೈಕೆಲಸದ ಮಾತೂ ಒಂದೆರಡು. ಜೂಮ್ ಮಾಡಬೇಡಿ, ಎರಡು ಹೆಜ್ಜೆ ಮುಂದೆ ಹೋಗಿ. ಹೆಚ್ಚಿನ ಫೋನುಗಳಲ್ಲಿ ಜೂಮ್ ಮಾಡಿದಷ್ಟೂ ಚಿತ್ರ ಮಸುಕು. ಹಾಗಂತ ಮುಖದ ಮೇಲೆಯೇ ಬಿದ್ದರೆ ಮೂಗು ದಪ್ಪ ಕಾಣುತ್ತದೆ, ಒಂದು ಮಾರು ದೂರ ಇರಲಿ. ನೆಲದ ಮೇಲೆ ಕೂತು ಮಾರುವವರ ಫೋಟೋ ನಿಂತು ತೆಗೆಯಬೇಡಿ. ಮೇಲಿಂದ ನೋಡಿದರೆ ಯಾರೂ ಸಣ್ಣವರಾಗಿಯೇ ಕಾಣುತ್ತಾರೆ. ನೀವೂ ಕೂಡಿ, ಅವರ ಕಣ್ಣಿನ ಮಟ್ಟಕ್ಕೆ ಫೋನು ಹಿಡಿಯಿರಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ರುಮಾಲಿನ ನೆರಳಿಗೆ ಕಣ್ಣು ಕಾಣದೇ ಹೋಗುತ್ತದೆ. ಬೆಳಗಿನ ಹೊತ್ತು, ಇಲ್ಲವೇ ನಾಲ್ಕೂವರೆಯ ಮೇಲೆ ಒಳ್ಳೆಯದು. ಹಿಂದೆ ಬಿಳಿ ಆಕಾಶ ಇದ್ದು ಮುಖ ಕಪ್ಪಾಗಿ ಕಂಡರೆ, ಪರದೆಯ ಮೇಲೆ ಆ ಮುಖವನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಬೆಳಕು ಸರಿಹೋಗುತ್ತದೆ. ಕ್ಲಿಕ್ ಸದ್ದನ್ನು ಬಂದ್ ಮಾಡಬೇಡಿ. ಸದ್ದು ಇದ್ದರೆ ಕದ್ದು ತೆಗೆಯುತ್ತಿಲ್ಲ ಅನ್ನುವುದು ಎಲ್ಲರಿಗೂ ಕೇಳುತ್ತದೆ.

ನಮ್ಮ ಗುಂಪಿನ ಹುಡುಗಿಗೆ ಇನ್ನೊಂದು ತೊಂದರೆ. ಅವಳು ಫೋನು ಎತ್ತಿದರೆ ಅಲ್ಲೇ ನಿಂತ ಹುಡುಗರು, “ಮೇಡಂ, ನಮ್ದೂ ಒಂದು ತಗೀರಿ” ಅಂತ ಶುರು ಮಾಡುತ್ತಾರೆ. ಅವಳು ಬಿಗುಮಾನ ಮಾಡದೇ ನಿಜವಾಗಿಯೂ ತೆಗೆಯುತ್ತಾಳೆ. ಆಮೇಲೆ ಪುಸ್ತಕ ತೆರೆದು, “ಹೆಸರು ಹೇಳ್ರಿ, ಊರು ಹೇಳ್ರಿ, ಮೊಬೈಲ್‌ನ್ಯಾಗ ಹಾಕಬೇಕು” ಅನ್ನುತ್ತಾಳೆ. ಹೆಸರು ಬರೆಸಬೇಕು ಅಂದ ಕೂಡಲೇ ಅರ್ಧ ಗುಂಪು ಕರಗುತ್ತದೆ, ಉಳಿದರ್ಧ ಮರ್ಯಾದೆಯಿಂದ ಮಾತಾಡುತ್ತದೆ. ಅವಳಿಂದ ಆದ ಲಾಭ ನಮಗೆ ದೊಡ್ಡದು. ಹೆಣ್ಣುಮಕ್ಕಳು ಕೂತು ಕೆಲಸ ಮಾಡುವ ಕಡೆ ಮೂವರು ಹುಡುಗರು ಹೋಗಿ ನಿಂತರೆ ಮಾತು ನಿಲ್ಲುತ್ತದೆ. ಅವಳು ಹೋದರೆ ಮಾತು ಶುರುವಾಗುತ್ತದೆ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಅಂತ ಹೆಸರಾದ ಹೋಮಾಯಿ ವ್ಯಾರಾವಾಲಾ ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು ಗಂಡಸರ ಗುಂಪಿನ ನಡುವೆ ಕೆಲಸ ಮಾಡಿದವರು. ಅವರ ಫೋಟೋವೊಂದನ್ನು ಅವಳು ತನ್ನ ಫೋನಿನ ಮುಖಪರದೆಗೆ ಹಾಕಿಕೊಂಡಿದ್ದಾಳೆ.

‘ಬ್ಯಾಡ’ ಅಂದಾಗ

ಕೇಳಿದವರಲ್ಲಿ ‘ಹೂಂ’ ಅಂದವರೇ ಹೆಚ್ಚು. ಆದರೆ ನಮಗೆ ಧೈರ್ಯ ಬಂದಿದ್ದು ‘ಬ್ಯಾಡ’ ಅಂದವರಿಂದ.

ಅದೇ ಮೆಣಸಿನಕಾಯಿ ಕೆಲಸದ ಜಾಗದಲ್ಲಿ ನಡೆದದ್ದು. ಐವತ್ತರ ಆಸುಪಾಸಿನ ಹೆಣ್ಣುಮಗಳು. ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಕಿಟಕಿಯ ಬೆಳಕು, ಕೆಂಪು ರಾಶಿ, ಆ ಕೈಗಳು. ನಾಲ್ವರಿಗೂ ಅನ್ನಿಸಿದ್ದು ಒಂದೇ: ಇದು ಒಳ್ಳೆಯ ಫೋಟೋ ಆಗುತ್ತದೆ. ನಮ್ಮ ಗೆಳತಿ ಹೋಗಿ ಕೂತು ಕೇಳಿದಳು.

ಅವರು ಕೈ ನಿಲ್ಲಿಸಲಿಲ್ಲ. “ಬ್ಯಾಡ ತಂಗಿ. ನಾ ಕೂಲಿಗೆ ಬರೋದು ಮಗಳ ಗಂಡನ ಮನ್ಯಾಗ ಗೊತ್ತಿಲ್ಲ. ಮೊಬೈಲ್‌ನ್ಯಾಗ ಬಂದ್ರ ಅಕಿಗೆ ಮಾತು ಬರ್ತೈತಿ” ಅಂದರು.

ಮುಖ ಕಟ್ಟಿಕೊಂಡಿದ್ದೀರಲ್ಲ, ಗುರುತು ಸಿಗುವುದಿಲ್ಲ ಅಂತ ವಾದ ಮಾಡಬಹುದಿತ್ತು. ಅವಳು ಮಾಡಲಿಲ್ಲ. ಸೀರೆ ನೋಡಿ, ಬಳೆ ನೋಡಿ, ಕೂತ ರೀತಿ ನೋಡಿ ಗುರುತು ಹಿಡಿಯುವ ಊರು ನಮ್ಮದು. “ಆತು ಬಿಡ್ರಿ ಅವ್ವಾರ, ತಗಿಯಂಗಿಲ್ಲ” ಅಂತ ಫೋನನ್ನು ಚೀಲಕ್ಕೆ ಹಾಕಿದಳು, ಎದ್ದು ಹೋಗಲಿಲ್ಲ. ಫೋನು ಒಳಗೆ ಹೋದ ಮೇಲೆ ಅವರೇ ಮಾತಿಗೆ ಕೂತರು. ಘಾಟಿಗೆ ಮೊದಲ ವಾರ ರಾತ್ರಿಯೆಲ್ಲ ಕೈ ಉರಿಯುವುದು, ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗುವುದು, ಮೊಮ್ಮಗಳನ್ನು ಮುಟ್ಟುವ ಮೊದಲು ಮೂರು ಸಲ ಕೈ ತೊಳೆಯುವುದು. ಆ ಕೂಲಿಯ ದುಡ್ಡು ಮಗಳ ಬಾಣಂತನದ ಸಾಲಕ್ಕೆ ಹೋಗುತ್ತಿದ್ದುದು.

ನಮ್ಮ ಬರಹಕ್ಕೆ ಕೊನೆಗೆ ಹಾಕಿದ್ದು ಬರೀ ಮೆಣಸಿನಕಾಯಿ ರಾಶಿಯ ಫೋಟೋ. ಅವರ ಊರು, ಮನೆ ಯಾವುದೂ ಗೊತ್ತಾಗದ ಹಾಗೆ, ಅವರ ಒಪ್ಪಿಗೆ ಪಡೆದು ಕೈ ಉರಿಯ ಮಾತನ್ನಷ್ಟೇ ಬರೆದೆವು. ಆ ಫೋಟೋ ನಮ್ಮ ಹತ್ತಿರ ಇಲ್ಲ. ಆದರೆ ಆ ದಿನದ ನಂತರ ಕೇಳುವುದಕ್ಕೆ ಹೆದರಿಕೆ ಆಗಲಿಲ್ಲ. ‘ಬ್ಯಾಡ’ ಅನ್ನುವ ಮಾತು ಬೈಗುಳ ಅಲ್ಲ ಅಂತ ಗೊತ್ತಾಗಿತ್ತು. ಅವರು ಯಾಕೆ ಬೇಡ ಅಂದರು ಅನ್ನುವುದರಲ್ಲಿ ಅವರ ಇಡೀ ಬದುಕು ಇರಬಹುದು. ಅದನ್ನು ಕೇಳಿಸಿಕೊಂಡು ಅಲ್ಲೇ ಕೂತಿರಲು ಬಂದರೆ, ಫೋಟೋ ತೆಗೆಯುವುದಕ್ಕೆ ಬೇಕಾದ ಧೈರ್ಯ ಬಂದ ಹಾಗೆ.

ಎಲ್ಲಿ ಎತ್ತಬಾರದು

ರಸ್ತೆ, ಸಂತೆಯಂಥ ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯಲೇಬಾರದು ಅನ್ನುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಹಾಗಂತ ಎಲ್ಲದಕ್ಕೂ ಬಿಡುವಿದೆ ಅಂತ ಅಲ್ಲ.

ನದಿ, ಕೆರೆ, ಜಾತ್ರೆಯ ಕಡೆ ಸ್ನಾನ ಮಾಡುವ, ಬಟ್ಟೆ ಬದಲಿಸುವ ಹೆಣ್ಣುಮಕ್ಕಳತ್ತ ಕ್ಯಾಮೆರಾ ತಿರುಗಿಸುವಂತಿಲ್ಲ. ಹೆಣ್ಣುಮಕ್ಕಳ ಖಾಸಗಿ ಕ್ಷಣದ ಚಿತ್ರ ತೆಗೆಯುವುದು, ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಜೈಲು ಶಿಕ್ಷೆಯ ಅಪರಾಧ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಗೊತ್ತಾಗುವ ಯಾವುದನ್ನೂ, ಫೋಟೋ ಇರಲಿ, ಮನೆಯ ಬಾಗಿಲಿರಲಿ, ಪ್ರಕಟಿಸುವಂತಿಲ್ಲ. ಪೋಕ್ಸೋ ಕಾಯ್ದೆಯ 23ನೇ ಕಲಮು ಇದನ್ನು ಹೇಳುತ್ತದೆ.

ಕಾನೂನಿಗಿಂತ ಮೇಲೆ ನಾವೇ ಹಾಕಿಕೊಂಡ ಗೆರೆಗಳೂ ಇವೆ. ತಂದೆ ತಾಯಿಯನ್ನೋ ಶಿಕ್ಷಕರನ್ನೋ ಕೇಳದೇ ಮಕ್ಕಳ ಫೋಟೋ ಇಲ್ಲ. ಅಪಘಾತ, ಸಾವು, ಜಗಳದ ಕಡೆ ಮೊದಲು ಕೈ ಕೊಡುವುದು, ಫೋನು ಆಮೇಲೆ. ಕುಡಿದು ಬಿದ್ದವರು, ಭಿಕ್ಷೆ ಬೇಡುವವರು, ಬುದ್ಧಿ ಸ್ವಾಧೀನ ಇಲ್ಲದವರು ಒಪ್ಪಿಗೆ ಹೇಳುವ ಸ್ಥಿತಿಯಲ್ಲೇ ಇರುವುದಿಲ್ಲ, ಹಾಗಾಗಿ ತೆಗೆಯುವುದಿಲ್ಲ. ಯಾರ ಫೋಟೋವನ್ನೂ ನಗೆಚಾಟಿಕೆಗೆ ಸ್ಟೇಟಸ್ ಹಾಕುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಒಮ್ಮೆ ಹತ್ತು ಜನಕ್ಕೆ ಹೋದ ಫೋಟೋವನ್ನು ವಾಪಸ್ ಕರೆಯುವುದು ಯಾರಿಂದಲೂ ಆಗದು.

ಬಡವರಿಗೆ ಎಂಥ ಖಾಸಗಿತನ ಅಂತ ಕೆಲವರು ಕೇಳುತ್ತಾರೆ. ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೊಟ್ಟು ಬಿಡಿಸುವ ಆ ತಾಯಿ ಅಷ್ಟು ದೊಡ್ಡ ತೀರ್ಪು ಓದಿಲ್ಲ. ಅವರು ಹೇಳಿದ್ದು ಅದನ್ನೇ.

ತೆಗೆದದ್ದನ್ನು ವಾಪಸ್ ಕೊಡುವುದು

ಜಗತ್ತಿನಲ್ಲಿ ಬಹಳ ಹೆಸರಾದ ಫೋಟೋಗಳಲ್ಲಿ ಒಂದು ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದದ್ದು. ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಬಿಡಿಸುವ ಕೂಲಿಗೆ ಬಂದು, ಬೆಳೆ ಕೈಕೊಟ್ಟು, ಟೆಂಟಿನಲ್ಲಿ ಮಕ್ಕಳೊಂದಿಗೆ ಕೂತ ತಾಯಿಯ ಚಿತ್ರ. ಸರ್ಕಾರದ ಕೆಲಸಕ್ಕಾಗಿ ತೆಗೆದದ್ದು ಅದು. ಪತ್ರಿಕೆಯಲ್ಲಿ ಬಂದ ಮೇಲೆ ಆ ಬಿಡಾರಕ್ಕೆ ಆಹಾರ ಹೋಯಿತು. ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೇರೆ ಕಡೆ ಕೂಲಿ ಹುಡುಕಿ ಹೋಗಿಯಾಗಿತ್ತು.

ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಹೊರಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ, 42 ವರ್ಷ ಆದ ಮೇಲೆ. ಆಗ ಆಕೆ ಹೇಳಿಕೊಂಡದ್ದು ದೂರು: ನನ್ನ ಹೆಸರು ಕೇಳಲಿಲ್ಲ, ಒಂದು ಪ್ರತಿ ಕಳಿಸುತ್ತೇನೆ ಅಂದಿದ್ದರು ಕಳಿಸಲಿಲ್ಲ, ಆ ಫೋಟೋದಿಂದ ನನಗೆ ಒಂದು ಕಾಸೂ ಸಿಗಲಿಲ್ಲ. ಫೋಟೋ ಒಳ್ಳೆಯದೇ. ಅದರಿಂದ ದೇಶಕ್ಕೆ ಬಡವರ ಕಷ್ಟ ತಿಳಿದದ್ದೂ ನಿಜವೇ. ಆದರೆ ಆಕೆಯ ಮಾತೂ ನಿಜವೇ.

ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಸಿಕ್ಕರೆ ನೋಡಿ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ‘ಲೈಫ್’ನಂಥ ದೊಡ್ಡ ಪತ್ರಿಕೆಗೂ ಯುನಿಸೆಫ್‌ಗೂ ಕೆಲಸ ಮಾಡಿದವರು. ಅವರು ಮತ್ತೆ ಮತ್ತೆ ತೆಗೆದದ್ದು ಸಾಮಾನ್ಯ ಜನರನ್ನು, ಮಕ್ಕಳನ್ನು. ಬಡತನ ಇರುವ ಚಿತ್ರದಲ್ಲೂ ಮನುಷ್ಯರು ಸಣ್ಣವರಾಗಿ ಕಾಣುವುದಿಲ್ಲ. ಎದುರಿನವರ ಬಗ್ಗೆ ಗೌರವ ಇಟ್ಟುಕೊಂಡೂ ಒಳ್ಳೆಯ ಚಿತ್ರ ತೆಗೆಯಬಹುದು ಅನ್ನುವುದಕ್ಕೆ ಅವು ನಮಗೆ ಪಾಠ.

ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಯಾರು ಒಪ್ಪಿ ಫೋಟೋ ತೆಗೆಸಿಕೊಂಡರೋ ಅವರ ಹೆಸರು, ಊರು ಬರೆದುಕೊಂಡು, ತಿಂಗಳೊಳಗೆ ಪ್ರಿಂಟ್ ಹಾಕಿಸಿ ಮುಟ್ಟಿಸುವುದು. ವಾಟ್ಸ್‌ಆ್ಯಪ್ ಇದ್ದರೆ ಅದರಲ್ಲೂ ಕಳಿಸುವುದು, ಆದರೆ ಕಾಗದದ ಪ್ರಿಂಟ್ ತಪ್ಪಿಸುವುದಿಲ್ಲ. ಎರಡು ಚಹಾದ ದುಡ್ಡಿಗೆ ಒಂದು ಪ್ರಿಂಟ್ ಬರುತ್ತದೆ. ಕೊಡಲು ಹೋದಾಗ ಎರಡನೇ ಭೇಟಿ ಆಗುತ್ತದೆ. ಎರಡನೇ ಭೇಟಿಗೆ ಅವರು ಗುರುತಿಲ್ಲದವರಲ್ಲ.

ಹೀಗೆ ರಾಣೆಬೆನ್ನೂರಿನಲ್ಲಿ ಒಬ್ಬ ಹಮಾಲ ಅಜ್ಜನಿಗೆ ಪ್ರಿಂಟ್ ಕೊಟ್ಟಿದ್ದೆವು. ಹೆಗಲ ಮೇಲೆ ಚೀಲ, ತಲೆಗೆ ಮಡಚಿದ ಗೋಣಿತಟ್ಟು, ಮುಖದಲ್ಲಿ ಬೆವರು. ನಮಗೆ ಹೆಮ್ಮೆ ತಂದ ಫೋಟೋ ಅದು. ಎಂಟು ತಿಂಗಳಾದ ಮೇಲೆ ಅವರ ಮಗನ ಫೋನು ಬಂತು. ಅಜ್ಜ ತೀರಿಕೊಂಡಿದ್ದರು. ಆಧಾರ್ ಕಾರ್ಡಿನ ಫೋಟೋದಲ್ಲಿ ಮುಖವೇ ತಿಳಿಯುವುದಿಲ್ಲ, ಮನೆಯಲ್ಲಿ ಇರುವುದು ನೀವು ಕೊಟ್ಟ ಒಂದೇ ಫೋಟೋ ಅಂದರು. ಆಮೇಲೆ ಸ್ವಲ್ಪ ತಡೆದು, “ಹೆಗಲ ಮ್ಯಾಲಿನ ಚೀಲ ತಗದು, ರುಮಾಲ ಸುತ್ತಿದಂಗ ಮಾಡಿಕೊಡಾಕ ಬರ್ತೈತೇನ್ರಿ? ಅಪ್ಪ ಜೀವನಪೂರ್ತಿ ಹೊತ್ತಾನ. ಗ್ವಾಡಿ ಮ್ಯಾಲರ ಇಳಿಸಿ ಕುಂದರಲಿ” ಅಂದರು.

ಸುದ್ದಿಯ ಫೋಟೋದಲ್ಲಿ ಒಂದು ಕಡ್ಡಿಯನ್ನೂ ತೆಗೆಯಬಾರದು, ಸೇರಿಸಬಾರದು ಅಂತ ನಾವು ಓದಿದ್ದೇವೆ, ಅದನ್ನು ಪಾಲಿಸುತ್ತೇವೆ. ಆದರೆ ಗೋಡೆಯ ಮೇಲಿನ ಫೋಟೋ ಸುದ್ದಿ ಅಲ್ಲ. ಅದು ಆ ಮನೆಯದ್ದು. ಮೂಲ ಫೋಟೋ ಒಯ್ದು ಸ್ಟುಡಿಯೋದವರಿಗೆ ಕೊಟ್ಟೆವು. ಅವರು ಭುಜದವರೆಗೆ ಕತ್ತರಿಸಿ, ಬಿಳಿ ರುಮಾಲು ಸುತ್ತಿಸಿ, ಹಿಂದೆ ತಿಳಿನೀಲಿ ಬಣ್ಣ ತುಂಬಿದರು. ಚೌಕಟ್ಟು ಹಾಕಿಸಿ ಮುಟ್ಟಿಸಿ ಬಂದೆವು. ಚೀಲ ಹೊತ್ತ ಮೂಲ ಫೋಟೋ ನಮ್ಮ ಬರಹದ ಜೊತೆ ಹಾಗೇ ಇರಲಿ ಅಂತ ಮಗನೂ ಒಪ್ಪಿದರು: “ಇರಲಿ ಬಿಡ್ರಿ, ಅದೂ ನಮ್ಮಪ್ಪನ.”

ಮುಂದಿನ ಸಂತೆಗೆ

ಇಷ್ಟು ಓದಿದ ಮೇಲೆ ನಿಮಗೂ ಒಮ್ಮೆ ಮಾಡಿ ನೋಡೋಣ ಅನ್ನಿಸಿದರೆ, ಮುಂದಿನ ಸಂತೆಗೆ ಹೋಗುವ ಮೊದಲು ‘ಯಾಕ?’ ಅನ್ನುವುದಕ್ಕೆ ನಿಮ್ಮ ಮಾತಿನಲ್ಲಿ ಒಂದು ವಾಕ್ಯ ಮಾಡಿಕೊಳ್ಳಿ. ಜೋರಾಗಿ ಎರಡು ಸಲ ಹೇಳಿ ನೋಡಿ. ನಿಮಗೇ ನಾಚಿಕೆ ಆಗುವಂತಿದ್ದರೆ ಬದಲಿಸಿ. ಐದು ಜನರನ್ನು ಕೇಳಿ. ಮೂವರು ಹೂಂ ಅಂದರೆ ಮೂರು ಫೋಟೋ, ಎಲ್ಲರೂ ಬೇಡ ಅಂದರೆ ಐದು ಮಾತುಕತೆ. ಎರಡೂ ಲಾಭವೇ.

ಫೋಟೋ ಚೆನ್ನಾಗಿ ಬಂದರೆ ಪ್ರಿಂಟ್ ಹಾಕಿಸಲು ಮರೆಯಬೇಡಿ. ಅದರ ಹಿಂದೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಫೋನು ಹಾಳಾದರೆ ಅದರೊಳಗಿನ ಫೋಟೋಗಳೂ ಹೋಗಬಹುದು. ತಾರೀಖು ಬರೆದ ಕಾಗದ ಯಾರದ್ದಾದರೂ ಮನೆಯ ಪೆಟ್ಟಿಗೆಯಲ್ಲಿ ಉಳಿಯುತ್ತದೆ.